ರಾಹುಕಾಲ ಕಳೆದ ಮೇಲೆ ಕೊಂಡ ಬಂದೂಕು

ಚಾಮರಾಜನಿಗೆ ಆ ದಿನ ಬಂದ ಕಷ್ಟಕ್ಕೆಲ್ಲ ಮೂಲ ಒಂದು ಎಕ್ಸೆಲ್ ಪಟ್ಟಿ. ಅದರಲ್ಲಿ ಒಂಬತ್ತು ಬಂದೂಕುಗಳಿದ್ದವು, ಇಪ್ಪತ್ತೆರಡು ಅಂಕಣಗಳಿದ್ದವು. ನಳಿಗೆಯ ಉದ್ದ, ಟ್ರಿಗರ್‌ನ ಬಿಗಿ, ತೂಕ, ಅದಕ್ಕೆ ಬೇಕಾದ ಗುಂಡು ಐರ್ಲೆಂಡಿನ ಈ ಗಾಲ್ವೇ ಊರಿನಲ್ಲಿ ಸಿಗುತ್ತದೆಯೇ, ಮಳೆಗೆ ನೆನೆದರೆ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ, ಎಲ್ಲಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ಊರಂಚಿನ ಪಾರ್ಕ್‌ಮೋರ್ ಕೈಗಾರಿಕಾ ಬಡಾವಣೆಯ ಒಂದು ಕಂಪನಿಯಲ್ಲಿ ಹೃದಯಕ್ಕೆ ಹಾಕುವ ಸ್ಟೆಂಟ್‌ಗಳ ಗುಣಮಟ್ಟ ನೋಡುವುದು ಅವನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಇಡೀ ಪೆಟ್ಟಿಗೆಯನ್ನು ತಡೆಹಿಡಿಯುವ ಮನುಷ್ಯ. ಮನೆಗೆ ಟೋಸ್ಟರ್ ಕೊಳ್ಳಲು ಏಳು ವಾರ ತೆಗೆದುಕೊಂಡಿದ್ದ. ಆ ಲೆಕ್ಕದಲ್ಲಿ ಬಂದೂಕಿಗೆ ಏಳು ತಿಂಗಳು ಹೆಚ್ಚೇನಲ್ಲ.

ಬಂದೂಕು ಎಂದರೆ ಬೇಟೆಗಲ್ಲ. ಇರುವೆ ಸಾಲು ಕಂಡರೂ ದಾಟಿ ಹೋಗುವವನು ಅವನು. ಒಂದು ವರ್ಷದಿಂದ ಭಾನುವಾರಗಳಂದು ರೈಫಲ್ ಕ್ಲಬ್ಬಿಗೆ ಹೋಗಿ, ಆರುನೂರು ಗಜ ದೂರದ ಕಬ್ಬಿಣದ ತಟ್ಟೆಗೆ ಗುರಿಯಿಟ್ಟು ಹೊಡೆಯುತ್ತಿದ್ದ. ಹೊಡೆಯುತ್ತಿದ್ದದ್ದು ಕ್ಲಬ್ಬಿನ ಬಂದೂಕಿನಲ್ಲಿ. ಅದು ಎಷ್ಟೋ ಜನರ ಕೈ ದಾಟಿ ಬಂದದ್ದು. ಭುಜಕ್ಕೆ ಆನಿಸುವ ಸ್ಟಾಕ್ ಭಾಗವನ್ನು ಯಾರೋ ಬದಲಾಯಿಸಿ ಹಸಿರು ಬಣ್ಣ ಬಳಿದು, ಕೆನ್ನೆ ತಾಗುವಲ್ಲಿ ಸ್ಪಂಜು ಇಟ್ಟು ಟೇಪು ಸುತ್ತಿದ್ದರು. ನೋಡಲು ಮೂಳೆ ಮುರಿದು ಕಟ್ಟು ಹಾಕಿಸಿಕೊಂಡ ಮೊಸಳೆಯ ಹಾಗಿತ್ತು. ಚಾಮರಾಜ ಹೊಡೆದದ್ದೆಲ್ಲ ತಟ್ಟೆಯ ಎಡಕ್ಕೆ ಹೋಗುತ್ತಿತ್ತು. ಪ್ರತಿ ಗುಂಡನ್ನೂ ಅವನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ: ಗಾಳಿ ಇಷ್ಟು, ಮಳೆ ಇಷ್ಟು, ಎಡಕ್ಕೆ ಒಂದು ಗೇಣು. ಕೊನೆಗೆ ಬಂದ ತೀರ್ಮಾನ ಒಂದೇ. ಬಂದೂಕು ಸರಿಯಿಲ್ಲ.

ಈಗ ಅದು ಬರೀ ಹವ್ಯಾಸದ ಮಾತಾಗಿ ಉಳಿದಿರಲಿಲ್ಲ. ಜನವರಿ ಕೊನೆಯಲ್ಲಿ ಕ್ಲಬ್ಬುಗಳ ನಡುವೆ ಸ್ಪರ್ಧೆ ಇತ್ತು, ಕಾರ್ಖಾನೆಯಿಂದ ಬಂದ ಹಾಗೇ ಇರುವ, ಅಗ್ಗದ ಬಂದೂಕುಗಳಿಗೆಂದೇ. ನಾಲ್ವರ ತಂಡದಲ್ಲಿ ನಾಲ್ಕನೆಯ ಜಾಗ ಚಾಮರಾಜನಿಗೆ ಎಂದು ಕ್ಲಬ್ಬಿನ ಕಾರ್ಯದರ್ಶಿ ಪಾಡ್ರಿಗ್ ಹೇಳಿದ್ದ. ಆದರೆ ಹಸಿರು ಮೊಸಳೆಗೆ ಅಲ್ಲಿ ಪ್ರವೇಶವಿಲ್ಲ. ಈ ದೇಶದಲ್ಲಿ ಮೊದಲು ಬಂದೂಕು ಆರಿಸಿ, ಅದರ ನಂಬರನ್ನು ಅರ್ಜಿಯಲ್ಲಿ ಬರೆದು ಪೊಲೀಸರಿಗೆ ಕೊಡಬೇಕು. ಅನುಮತಿ ಬರಲು ಮೂರು ತಿಂಗಳಾದರೂ ಆಗಬಹುದು. ಅಲ್ಲಿಯವರೆಗೆ ಬಂದೂಕು ಅಂಗಡಿಯಲ್ಲೇ ಇರುತ್ತದೆ. ಸೋಮವಾರದೊಳಗೆ ಅರ್ಜಿ ಹೋಗದಿದ್ದರೆ ಜಾಗ ಬೇರೆಯವರಿಗೆ ಎಂದು ಪಾಡ್ರಿಗ್ ಬಹಳ ಮೃದುವಾಗಿ ಹೇಳಿದ್ದ. ಊರು ಬಿಟ್ಟು ಬಂದ ಆರು ವರ್ಷದಲ್ಲಿ ಯಾರಾದರೂ ಚಾಮರಾಜನನ್ನು ಯಾವುದಾದರೂ ತಂಡಕ್ಕೆ ಕರೆದದ್ದು ಇದೇ ಮೊದಲು.

ಪಟ್ಟಿಯಲ್ಲಿ ಒಂದನೆಯ ಸ್ಥಾನ ಬಂದಿದ್ದ ಬಂದೂಕು ನೋಯೆಲ್ ಎಂಬವನ ಅಂಗಡಿಯಲ್ಲಿ ಇತ್ತು, ರಿಯಾಯಿತಿ ಬೆಲೆಗೆ, ಒಂದೇ ಒಂದು. ಒಂದು ವಾರದ ಹಿಂದೆಯೇ ಕೊಳ್ಳಬಹುದಿತ್ತು. ಆದರೆ ಒಂದನೆಯದಕ್ಕೂ ಎರಡನೆಯದಕ್ಕೂ ಅರ್ಧ ಅಂಕದ ವ್ಯತ್ಯಾಸ ಮಾತ್ರ ಇದ್ದುದರಿಂದ ಚಾಮರಾಜನಿಗೆ ನಿದ್ದೆ ಬರಲಿಲ್ಲ. ತಪ್ಪಿದ್ದರೆ ತಿದ್ದಿ ಎಂದು ಪಟ್ಟಿಯನ್ನು ಪಾಡ್ರಿಗ್‌ಗೆ ಕಳಿಸಿದ. ಸಾಲದೆಂದು ಪಕ್ಕದ ಮನೆಯ ಭೀಮಪ್ಪನವರಿಗೂ ತೋರಿಸಿದ.

ಭೀಮಪ್ಪನವರು ಅದೇ ಕಂಪನಿಯಲ್ಲಿ ಚಾಮರಾಜನಿಗಿಂತ ಹತ್ತು ವರ್ಷ ಹಿರಿಯರು. ಬಂದೂಕನ್ನು ಜೀವಮಾನದಲ್ಲಿ ಮುಟ್ಟಿದವರಲ್ಲ, ಆದರೆ ಅಪಾರ್ಟ್‌ಮೆಂಟು, ಸ್ಕೂಟರು, ಸಂಬಂಧ ಯಾವುದನ್ನೇ ನೋಡಲು ಹೊರಟರೂ ಜೊತೆಗೆ ಬರುವವರು. ಇಪ್ಪತ್ತೆರಡು ಅಂಕಣಗಳನ್ನೂ ಓದಿ, ಮರುಮಾರಾಟದ ಬೆಲೆ ಎಲ್ಲಿ ಎಂದು ಕೇಳಿದರು. ಆಮೇಲೆ ಕ್ಯಾಲೆಂಡರ್ ನೋಡಿದರು.

"ಶುಕ್ರವಾರ ಆಯುಧ ಪೂಜೆ ಐತೆ. ಆಯುಧ ತಗೊಳ್ಳೋಕೆ ಇನ್ಯಾವ ದಿನ ಬೇಕಯ್ಯಾ ನಿಂಗೆ? ರಜೆ ಹಾಕು. ನಾನೂ ಬರ್ತೀನಿ."

ಹೀಗೆ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಹೊರಡಬೇಕಿತ್ತು. ಆದರೆ ಭೀಮಪ್ಪನವರ ಹೆಂಡತಿ ಪಾರ್ವತಿ ಕುಂಬಳಕಾಯಿ ಒಡೆಯದೆ ಕಾರು ಕದಲಬಾರದು ಎಂದರು. ಬೂದುಗುಂಬಳ ಸಿಗಲಿಲ್ಲ; ಹ್ಯಾಲೋವೀನ್‌ಗೆಂದು ಸೂಪರ್‌ಮಾರ್ಕೆಟ್ಟಿನಲ್ಲಿ ರಾಶಿ ಹಾಕಿದ್ದ ಕಿತ್ತಳೆ ಬಣ್ಣದ್ದೇ ಆಯಿತು. ಕುಂಕುಮದ ನೀರು ತುಂಬಿ ಒಡೆದಾಗ ಚಾಮರಾಜನ ಮನೆಯ ಮುಂದಿನ ಡ್ರೈವ್‌ವೇ ಕೊಲೆ ನಡೆದ ಜಾಗದ ಹಾಗಾಯಿತು. ಎದುರು ಮನೆಯ ಅಜ್ಜಿ ಕಿಟಕಿ ತೆಗೆದು ನೋಡಿ, ಈ ವರ್ಷ ಹ್ಯಾಲೋವೀನ್ ಅಲಂಕಾರ ಎಲ್ಲರಿಗಿಂತ ಮೊದಲು ನಿಮ್ಮದೇ ಎಂದು ಹೊಗಳಿದಳು. ಅದನ್ನೆಲ್ಲ ಬಳಿದು ತೊಳೆಯದೆ ಹೊರಡಲು ಚಾಮರಾಜನ ಮನಸ್ಸು ಒಪ್ಪಲಿಲ್ಲ.

ಅಂಗಡಿ ತಲುಪಿದಾಗ ಹತ್ತೂ ಮೂವತ್ತೈದು. ಚಾಮರಾಜ ಕಾರಿನ ಬಾಗಿಲಿಗೆ ಕೈ ಹಾಕಿದ. ಭೀಮಪ್ಪನವರು ಅವನ ಮೊಣಕೈ ಹಿಡಿದರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ.

"ಭೀಮಣ್ಣ, ಐದೇ ನಿಮಿಷ ಆಗಿದ್ದು," ಎಂದ ಚಾಮರಾಜ.

"ಐದು ನಿಮಿಷ ಬಸುರಿ ಅಂತ ಇರತ್ತೇನಪ್ಪಾ? ಕೂತ್ಕೊ."

ಚಾಮರಾಜನಿಗೆ ಇದರಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ಆದರೆ ನಂಬದೆ ಹೋಗಿ ನಾಳೆ ಏನಾದರೂ ಆದರೆ ಎಂಬ ಭಯಕ್ಕೆ ನಂಬಿಕೆ ಬೇಕಿಲ್ಲ. ಕೂತ. ಇಬ್ಬರೂ ಕಾರಿನ ಗಾಜು ಮಂಜುಗಟ್ಟುವವರೆಗೆ ಕೂತರು. ಹನ್ನೆರಡಕ್ಕೆ ಸರಿಯಾಗಿ ಬಾಗಿಲು ತೆಗೆದಾಗ ಪಾರ್ವತಿಯವರ ಫೋನ್ ಬಂತು. ರಾಹುಕಾಲವನ್ನು ಇಲ್ಲಿಯ ಸೂರ್ಯೋದಯದಿಂದ ಎಣಿಸಬೇಕಂತೆ, ಬೆಂಗಳೂರಿನದರಿಂದಲ್ಲ. ಇಲ್ಲಿ ಸೂರ್ಯ ಹುಟ್ಟಿದ್ದು ಏಳೂ ಮುಕ್ಕಾಲಿಗೆ. ಆ ಪ್ರಕಾರ ಗಾಲ್ವೇಯ ರಾಹುಕಾಲ ಹತ್ತು ನಿಮಿಷದ ಹಿಂದೆ ಶುರುವಾಗಿದೆ, ಮುಗಿಯುವುದು ಒಂದೂ ಕಾಲಿಗೆ.

ಚಾಮರಾಜ ಮೊಬೈಲ್ ತೆಗೆದು ಹಗಲನ್ನು ಎಂಟು ಭಾಗ ಮಾಡಿ ನೋಡಿದ. ಲೆಕ್ಕ ಸರಿಯಾಗಿತ್ತು. ಲೆಕ್ಕ ಸರಿಯಿದ್ದರೆ ಅವನಿಂದ ಎದುರಾಡಲು ಆಗುತ್ತಿರಲಿಲ್ಲ. ಅದು ಅವನ ದೌರ್ಬಲ್ಯ.

ರಸ್ತೆಯಾಚೆಯ ಹೋಟೆಲಿನಲ್ಲಿ ಚಹಾ ಕುಡಿದರು, ಆಲೂಗಡ್ಡೆ ಚಿಪ್ಸ್ ತಿಂದರು. ಒಂದೂ ಕಾಲಿಗೆ ರಸ್ತೆ ದಾಟುವಾಗ ಅಂಗಡಿಯ ಕಡೆಯಿಂದ ಹೊರಟ ಒಂದು ಕೆಸರು ಮೆತ್ತಿದ ವ್ಯಾನು ಚಾಮರಾಜನ ಪ್ಯಾಂಟಿನ ಮೇಲೆ ಗುಂಡಿಯ ನೀರನ್ನು ಎರಚಿ ಹೋಯಿತು. ನೀರು ಒರೆಸಿಕೊಂಡು ತಲೆಯೆತ್ತುವಷ್ಟರಲ್ಲಿ ಅದು ತಿರುವು ದಾಟಿತ್ತು.

ಒಳಗೆ ನೋಯೆಲ್ ನಿಧಾನವಾಗಿ ತಲೆ ಅಲ್ಲಾಡಿಸಿದ. ಒಂದನೆಯ ಸ್ಥಾನದ ಬಂದೂಕು ಈಗಷ್ಟೇ ಮಾರಾಟವಾಗಿತ್ತು. ಇನ್ನೊಂದು ತರಿಸಬೇಕಾದರೆ ಕ್ರಿಸ್‌ಮಸ್ ಕಳೆಯುತ್ತದೆ. ಎರಡನೆಯ ಸ್ಥಾನದ್ದು ಐರ್ಲೆಂಡಿಗೇ ಬರುತ್ತಿಲ್ಲ. ಮೂರನೆಯದರ ಬೆಲೆ ಕೇಳಿ ಭೀಮಪ್ಪನವರು ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು.

ಚಾಮರಾಜನ ಮುಖ ನೋಡಿ ನೋಯೆಲ್‌ಗೆ ಏನನ್ನಿಸಿತೋ, ಒಳಗಿನ ಕೋಣೆಯಿಂದ ಇನ್ನೊಂದನ್ನು ತಂದು ಮೇಜಿನ ಮೇಲೆ ಮಲಗಿಸಿದ. ಸೆಕೆಂಡ್‌ಹ್ಯಾಂಡ್, ಇವತ್ತೇ ಬಂದದ್ದು. ಕಾರ್ಖಾನೆಯ ಕರಿ ಸ್ಟಾಕ್ ಹೊಸದರಂತೆ ಹೊಳೆಯುತ್ತಿತ್ತು. ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನದ ಮಾದರಿ, ಬೆಲೆ ಹೊಸದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಸ್ಪರ್ಧೆಗೆ ನಡೆಯುತ್ತದೆಯೇ ಎಂದರೆ ಖಂಡಿತ ನಡೆಯುತ್ತದೆ ಎಂದ.

ಚಾಮರಾಜ ಅವನನ್ನು ಕೇಳಿ, ಪರೀಕ್ಷಿಸಿ, ಖಾಲಿ ಬಂದೂಕನ್ನು ಭುಜಕ್ಕೆ ಆನಿಸಿ ಟ್ರಿಗರ್ ಒತ್ತಿದ. ಕೈಗೆ ಅದು ಹಳೆಯ ಚಪ್ಪಲಿ ಕಾಲಿಗೆ ಹೊಂದುವ ಹಾಗೆ ಹೊಂದಿತು. ಅವನ ಕಣ್ಣು ಅರಳಿತು.

"ಭೀಮಣ್ಣ, ಇದರ ಟ್ರಿಗರ್ ನೋಡಿ, ಬೆಣ್ಣೆ. ನಮ್ಮ ಕ್ಲಬ್ಬಿನ ದರಿದ್ರದ ಹಾಗಲ್ಲ. ಮೊದಲಿಂದ ಪರಿಚಯ ಇರೋ ಥರ ಅನ್ನಿಸ್ತಿದೆ."

"ಅದಕ್ಕೇ ನೋಡು ಮುಹೂರ್ತ ಅನ್ನೋದು," ಎಂದರು ಭೀಮಪ್ಪನವರು ಸ್ಟೂಲಿನಿಂದ ಎದ್ದು.

ಮೊದಲಿನ ಮಾಲೀಕರು ಯಾರು ಎಂದು ಕೇಳಬೇಕೆಂದು ಚಾಮರಾಜನ ನಾಲಿಗೆಯ ತುದಿಗೆ ಬಂತು. ಆದರೆ ಇತರರ ಖಾಸಗಿ ಮಾಹಿತಿಯ ಬಗ್ಗೆ ಕಂಪನಿಯವರು ವರ್ಷ ವರ್ಷ ಕೊಡುವ ತರಬೇತಿಯಲ್ಲಿ ಅವನಿಗೆ ಪ್ರತಿ ಸಲವೂ ನೂರಕ್ಕೆ ನೂರು. ಹಾಗೆ ಕೇಳುವುದು ಸರಿಯಲ್ಲ. ಹಾಗಾಗಿ ಇದರಲ್ಲಿ ಏನಾದರೂ ದೋಷವಿತ್ತೇ ಎಂದಷ್ಟೇ ಕೇಳಿದ.

ನೋಯೆಲ್ ನಕ್ಕ. "ಬಂದೂಕಲ್ಲಿ ಏನೂ ಇಲ್ಲ. ನಾನೇ ಪರೀಕ್ಷೆ ಮಾಡಿದ್ದೀನಿ. ಇದರಲ್ಲಿ ಹೊಡೀತಿದ್ದ ಒಬ್ಬ ಮಾತ್ರ ವರ್ಷಪೂರ್ತಿ ಎಡಗಡೆನೇ ಹೊಡೀತಿದ್ದನಂತೆ. ಟ್ರಿಗರ್‌ನ ಮೆಲ್ಲಗೆ ಒತ್ತಲ್ಲ, ಕಿತ್ತುಹಾಕೋ ಹಾಗೆ ಎಳೀತಾನೆ ಅಂದ್ರು. ಪಾಪ, ಬೈತಿದ್ದದ್ದು ಬಂದೂಕನ್ನ."

ಚಾಮರಾಜನೂ ನಕ್ಕ. ಎಂಥೆಂಥ ಜನ ಇರುತ್ತಾರೆ ಎಂದುಕೊಂಡ. ಆ ಅಪರಿಚಿತನ ಮೇಲೆ ಅವನಿಗೆ ಸಣ್ಣಗೆ ಕನಿಕರವೂ ಹುಟ್ಟಿತು.

ಭೀಮಪ್ಪನವರು ಚೌಕಾಸಿ ಮಾಡಿದರು. ಮೊದಲ ಸರ್ವೀಸು ಫ್ರೀ ಏನು, ಹೆಲ್ಮೆಟ್ ಕೊಡುತ್ತೀರಾ ಎಂದೆಲ್ಲ ಕೇಳಿ, ಕೊನೆಗೆ ಅಂಗಡಿಯ ಹೆಸರಿದ್ದ ಒಂದು ಟೋಪಿ ಗಿಟ್ಟಿಸಿ ತಾವೇ ಹಾಕಿಕೊಂಡರು. ಗೋಡೆಯ ಮೇಲಿದ್ದ ಭಾವಚಿತ್ರಗಳನ್ನು, ಬಹುಮಾನದ ಕಪ್ಪುಗಳನ್ನು ಬಹಳ ಹೊತ್ತು ನೋಡಿದರು. ಅಲ್ಲಿ ಅಂಟಿಸಿದ್ದ ಯಾವುದೋ ಫೋನ್ ನಂಬರನ್ನು ಬರೆದುಕೊಂಡರು. ಚಾಮರಾಜ ರಸೀದಿಯ ಮೇಲಿದ್ದ ಬಂದೂಕಿನ ನಂಬರನ್ನು ಬಂದೂಕಿನ ಮೇಲಿದ್ದ ನಂಬರಿಗೆ ಮೂರು ಸಲ ಹೋಲಿಸಿ ನೋಡಿ, ಹಣ ಕಟ್ಟಿ ಹೊರಬಂದ.

ಸಂಜೆ ಆರಕ್ಕೆ ಮನೆಯಲ್ಲಿ ಪೂಜೆ. ಹೆಂಡತಿ ವಸುಂಧರಾ ಆಸ್ಪತ್ರೆಯ ಪಾಳಿ ಮುಗಿಸಿ ಬಂದು ದೀಪ ಹಚ್ಚಿದಳು. ಬಂದೂಕು ಅಂಗಡಿಯಲ್ಲೇ ಇದ್ದುದರಿಂದ ಅದರ ರಸೀದಿಯನ್ನು ಮಣೆಯ ಮೇಲಿಟ್ಟರು. ಪಕ್ಕದಲ್ಲಿ ಲ್ಯಾಪ್‌ಟಾಪು, ಕಾರಿನ ಕೀಲಿ, ಮಿಕ್ಸಿ, ವ್ಯಾಕ್ಯೂಮ್ ಕ್ಲೀನರು, ಒಂದು ವರ್ಷದ ಗುರಿಯ ನೋಟ್‌ಬುಕ್ಕು. ವಸುಂಧರಾ ಒಂದೊಂದಕ್ಕೂ ಕುಂಕುಮ ಇಡುತ್ತಾ ಬಂದಳು. ನೋಟ್‌ಬುಕ್ಕಿನ ರಟ್ಟು ಕಪ್ಪಾಗಿದ್ದುದರಿಂದ ಕುಂಕುಮ ಕಾಣುವುದಿಲ್ಲವೆಂದು ಮೊದಲ ಪುಟ ತೆರೆದಳು. ಬೆರಳು ಅಲ್ಲೇ ನಿಂತಿತು. ರಸೀದಿ ನೋಡಿದಳು. ಮತ್ತೆ ಪುಟ ನೋಡಿದಳು.

"ರೀ, ಈ ನಂಬರ್ ಇಲ್ಲಿ ಯಾವಾಗ ಬರೆದ್ರಿ? ಶಾಯಿ ಹಳೇದಿದೆ."

ಚಾಮರಾಜ ಬಗ್ಗಿ ನೋಡಿದ. ಮೊದಲ ಪುಟದಲ್ಲಿ, ಕಳೆದ ವರ್ಷದ ಅಕ್ಟೋಬರ್ ತಾರೀಖಿನ ಕೆಳಗೆ, ಅವನದೇ ಮುದ್ದಾದ ಅಕ್ಷರದಲ್ಲಿ ಕ್ಲಬ್ಬಿನ ಬಂದೂಕಿನ ನಂಬರಿತ್ತು. ರಸೀದಿಯಲ್ಲಿದ್ದದ್ದೂ ಅದೇ. ಮೂರು ಸಲ ಹೋಲಿಸಿದ. ಮೂರು ಸಲವೂ ಅದೇ.

ಪಾಡ್ರಿಗ್‌ಗೆ ಫೋನ್ ಮಾಡಿದ. ಅವನು ಬಹಳ ಖುಷಿಯಲ್ಲಿದ್ದ. ಭಾನುವಾರ ಅಚ್ಚರಿಯಾಗಿ ತೋರಿಸೋಣವೆಂದಿದ್ದೆ ಎಂದು ಎಲ್ಲ ಹೇಳಿದ. ಚಾಮರಾಜನ ಪಟ್ಟಿ ನೋಡಿ ಕ್ಲಬ್ಬಿನವರಿಗೆಲ್ಲ ಬೆರಗಾಯಿತಂತೆ. ಹಸಿರು ಸ್ಟಾಕನ್ನು ಬಿಚ್ಚಿ, ಕಪಾಟಿನಲ್ಲಿದ್ದ ಕಾರ್ಖಾನೆಯ ಸ್ಟಾಕನ್ನೇ ಹಳೆಯ ಬಂದೂಕಿಗೆ ಮತ್ತೆ ಹಾಕಿ, ಇವತ್ತು ಮಧ್ಯಾಹ್ನ ತಾನೇ ವ್ಯಾನಿನಲ್ಲಿ ಒಯ್ದು ನೋಯೆಲ್‌ಗೆ ಕೊಟ್ಟು, ಪಟ್ಟಿಯ ಒಂದನೆಯದನ್ನು ತಂದನಂತೆ. ಕ್ಲಬ್ಬಿಗೆ ಪೊಲೀಸರ ಅನುಮತಿ ಮೊದಲೇ ಇರುವುದರಿಂದ ಚಾಮರಾಜ ಕಾಯುವುದೂ ಬೇಡ, ಸ್ಪರ್ಧೆಯಲ್ಲಿ ಅದರಲ್ಲೇ ಹೊಡೆಯಲಿ ಎಂದು.

ಚಾಮರಾಜ ತಾನು ಮಾಡಿದ್ದನ್ನು ಹೇಳಿದ.

ಪಾಡ್ರಿಗ್ ಕೆಮ್ಮಿದ. ಸ್ವಂತದ್ದು ಇದ್ದವರಿಗೆ ಕ್ಲಬ್ಬಿನದನ್ನು ಕೊಡುವ ನಿಯಮವಿಲ್ಲ ಎಂದ. ಆದರೆ ಚಿಂತೆಯಿಲ್ಲ, ಇಲ್ಲಿಯವರ ಮಾತಿನಲ್ಲಿ ಎಲ್ಲ ಗ್ರ್ಯಾಂಡ್, ತಂಡದ ಜಾಗ ಹಾಗೇ ಇದೆ, ಅರ್ಜಿ ಸೋಮವಾರ ಕೊಟ್ಟರಾಯಿತು. ಹೊಸ ಬಂದೂಕೂ ಸುಮ್ಮನೆ ಕೂರುವುದಿಲ್ಲ. ನಾಲ್ಕು ಗಂಟೆಗೆ ಒಬ್ಬರು ಹೊಸ ಸದಸ್ಯರು ಫೋನಿನಲ್ಲೇ ಸೇರಿದ್ದಾರೆ, ಅವರು ಅದರಲ್ಲಿ ಕಲಿಯುತ್ತಾರೆ. ನಿಮ್ಮ ಪಕ್ಕದ ಮನೆಯವರೇ ಅಂತೆ. ಭೀಮಪ್ಪ.

ಫೋನ್ ಇಟ್ಟು ಚಾಮರಾಜ ವ್ಯಾಕ್ಯೂಮ್ ಕ್ಲೀನರಿನ ಪಕ್ಕ ನೆಲದ ಮೇಲೆ ಕೂತ. ವಸುಂಧರಾಗೆ ನಗು ತಡೆಯಲಾಗಲಿಲ್ಲ. ತಡೆಯಲು ಪ್ರಯತ್ನಿಸಿದ್ದಂತೂ ನಿಜ.

"ಒಂದು ವರ್ಷ ಪುಕ್ಕಟೆ ಬೈದ್ರಿ. ಈಗ ದುಡ್ಡು ಕೊಟ್ಟು ಬೈಯಿರಿ."

ಅವನು ನೋಟ್‌ಬುಕ್ಕು ಎತ್ತಿಕೊಂಡ. ನಲವತ್ತೆರಡು ಪುಟ. ಗಾಳಿಯಿದ್ದಾಗ ಎಡಕ್ಕೆ, ಇಲ್ಲದಾಗ ಎಡಕ್ಕೆ, ಬಿಸಿಲಲ್ಲಿ ಎಡಕ್ಕೆ, ಮಳೆಯಲ್ಲಿ ಎಡಕ್ಕೆ. ಎಲ್ಲ ಹೆಚ್ಚುಕಡಿಮೆ ಅದೇ ಒಂದು ಗೇಣು. ಪುಟ ತಿರುಗಿಸುತ್ತಾ ಅವನ ಬೆನ್ನು ನೆಟ್ಟಗಾಯಿತು. ಕಾರ್ಖಾನೆಯಲ್ಲಿ ಅವನು ಹೆದರುತ್ತಿದ್ದದ್ದು ದಿನಕ್ಕೊಂದು ಥರ ಬರುವ ತಪ್ಪಿಗೆ. ದಿನವೂ ಒಂದೇ ಥರ ಬರುವ ತಪ್ಪನ್ನು ಅವನು ಮಧ್ಯಾಹ್ನದ ಊಟದೊಳಗೆ ಸರಿಮಾಡುತ್ತಿದ್ದ. ಹೊಸ ಬಂದೂಕಾಗಿದ್ದರೆ ಮೊದಲ ಪುಟದಿಂದ ಶುರು ಮಾಡಬೇಕಿತ್ತು. ಇದರದ್ದು ಒಂದು ವರ್ಷದ ಜಾತಕ ಕೈಯಲ್ಲಿದೆ. ಸರಿಯಾಗಬೇಕಾದ್ದು ಒಂದು ತೋರುಬೆರಳು ಮಾತ್ರ.

"ವಸು, ಅರ್ಜಿ ತಾ. ನಂಬರ್ ನೋಡೋದು ಬೇಡ, ನಂಗೆ ಬಾಯಿಪಾಠ ಇದೆ."

ಅರ್ಜಿಯ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಕರೆಗಂಟೆಯ ಸದ್ದಾಯಿತು. ಬಾಗಿಲಲ್ಲಿ ಭೀಮಪ್ಪನವರು, ತಲೆಯ ಮೇಲೆ ನೋಯೆಲ್‌ನ ಟೋಪಿ, ಕೈಯಲ್ಲಿ ಒಂದು ಹೊಸ ನೋಟ್‌ಬುಕ್ಕು.

"ಚಾಮರಾಜ, ಭಾನುವಾರ ಕ್ಲಬ್ಬಿಗೆ ನಿನ್ನ ಕಾರಲ್ಲೇ ಬರ್ತೀನಿ. ಪಾರ್ವತಿ ನೋಡಿದಾಳೆ, ಅವತ್ತು ರಾಹುಕಾಲ ಸಂಜೆಗೆ ಐತೆ, ನಮಗೇನೂ ತೊಂದ್ರೆ ಇಲ್ಲ," ಎಂದು ಒಳಗೆ ಬಂದು ಕೂತರು. "ಆಮೇಲೆ ಇದು ಹೇಳು, ಟ್ರಿಗರ್ ಒತ್ತೋದು ಹೆಂಗೆ? ನಿಂಗೆ ಒಂದು ವರ್ಷದ ಅನುಭವ ಇದೆಯಲ್ಲ."