ಗಾಜಿನ ಮೇಜಿನ ಮೇಲೆ ನಾದಿನಿಯ ಬಸ್ತಾ

ಕಂಪ್ಯೂಟರಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಉಳಿದಿರಲಿಲ್ಲ. ಮೀಸೆ ಬೆಳ್ಳಗಾಗತೊಡಗಿದ ಮೇಲೆ ಹತ್ತನೇ ತರಗತಿ ಪಾಸು ಮಾಡಿದವನು ನಾನು. ‘ಕಂಪ್ಯೂಟರಿನ ಭಾಗಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಪೂರ್ತಿ ಅಂಕ ಬಂದಿದ್ದವು. ಕಂಪ್ಯೂಟರನ್ನು ಎಂದೂ ಮುಟ್ಟಿರಲಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ!

ನಾನು ಕೆಲಸ ಮಾಡುವುದು ಖಾನಾಪುರದ ಒಂದು ಸೀರೆ ಅಂಗಡಿಯಲ್ಲಿ. ದೊಡ್ಡ ಅಂಗಡಿ ಬೆಳಗಾವಿಯಲ್ಲಿದೆ, ನಮ್ಮದು ಅದರ ಮರಿ. ಒಂದು ದಿನ ನಮ್ಮ ಸಾವಕಾರರು ಬೆಳಗಾವಿಯಿಂದ ಹೊಸ ಕಂಪ್ಯೂಟರ್ ತಂದು ಇಳಿಸಿದರು. ನಾನು ಸುತ್ತ ತಿರುಗಿ ನೋಡಿದೆ. ಕೀಲಿಮಣೆ ಇಲ್ಲ, ಮೌಸ್ ಇಲ್ಲ. ಗಾಜಿನ ಮೈಯ ಒಂದು ತಗ್ಗು ಮೇಜು, ಅಷ್ಟೇ.

“ಸಾವಕಾರ್ರ, ಮೋಸ ಆತ್ರಿ. ಮೇಜು ಕಳಿಸ್ಯಾರ, ಕಂಪ್ಯೂಟರ್ ಅಲ್ಲೇ ಉಳಿದೈತಿ!”

ಸಾವಕಾರರು ಮೇಜಿನ ಮೇಲೆ ಒಂದು ಬೆರಳಿಟ್ಟರು. ಇಡೀ ಮೇಜು ಬೆಳಗಿತು. ಒಳಗೆ ಸೀರೆಗಳ ರಾಶಿ! ಮುಟ್ಟಿದ ಸೀರೆ ಬಿಚ್ಚಿಕೊಳ್ಳುತ್ತದೆ. ಮೇಜಿನ ತುದಿಯ ಕ್ಯಾಮೆರಾ ಎದುರಿದ್ದವರ ಮುಖ ಹಿಡಿದು ಅದೇ ಸೀರೆ ಉಡಿಸಿ ತೋರಿಸುತ್ತದೆ. ‘ಬೇಕು’ ಎಂದು ಒತ್ತಿದರೆ ಸೀರೆ ಬೆಳಗಾವಿಯಿಂದ ಟೆಂಪೋ ಹತ್ತುತ್ತದೆ.

“ಮೊದಲನೇ ಬಸ್ತಾ ಇದರ ಮ್ಯಾಲೆ ನೆಟ್ಟಗ ಮಾಡಿದವಗ ಈ ಮಶೀನಿನ ಚಾರ್ಜು, ಮತ್ತ ಗಿರಕಿ ಕುರ್ಚಿ,” ಎಂದರು.

ಬಸ್ತಾ ಎಂದರೆ ಮದುವೆಯ ಜವಳಿ ಖರೀದಿ. ನಮ್ಮ ನಾದಿನಿ ಸವಿತಾಳ ಲಗ್ನ ಗೊತ್ತಾಗಿತ್ತು. ನಂದಗಡದ ನಮ್ಮ ಅತ್ತೆ ಗಂಗವ್ವ ಬೆಳಗಾವಿಯ ನೇಕಾರರ ಪೇಟೆ ವಡಗಾವಿಯ ಗಲ್ಲಿಗಳನ್ನು ಬಿಟ್ಟು ಬೇರೆ ಕಡೆ ಸೀರೆ ಕೊಂಡವರಲ್ಲ. ಕೈಕಾಲು ಹಿಡಿದು ನಮ್ಮ ಅಂಗಡಿಗೆ ಒಪ್ಪಿಸಿದೆ. ಹೆಂಡತಿ ಮಹಾದೇವಿ ಮಾತ್ರ ನನ್ನನ್ನು ಅನುಮಾನದಿಂದ ನೋಡಿದಳು.

“ನಮ್ಮ ತವರಮನಿ ಮಂದಿ ಮುಂದ ಮಾನ ಕಳದ್ರ ನೋಡ್ರಿ ಮತ್ತ!”

“ಹುಚ್ಚಿ, ನಾ ಕಂಪ್ಯೂಟರಿನ್ಯಾಗ ಪೂರ್ತಿ ಮಾರ್ಕ್ಸು ತಗೊಂಡಾಂವ.”

ಬಸ್ತಾದ ದಿನ ಸಾವಕಾರರು ಬೆಳಗಾವಿಯಲ್ಲಿದ್ದರು. ಇಡೀ ಯಂತ್ರ ನನ್ನ ಸ್ವಾಧೀನ. ಬೀಗಿತ್ತಿ, ಬೀಗರ ಹೆಣ್ಣುಮಕ್ಕಳೂ ಸೇರಿ ಎಲ್ಲರೂ ಗಾದಿಯ ಮೇಲೆ ಮೇಜಿನ ಸುತ್ತ ಕುಳಿತರು. ನಾನು ಭಾಷಣ ಶುರು ಮಾಡುವಷ್ಟರಲ್ಲಿ ಚಹಾ ಬಂತು. ಮೇಜೆಂದ ಮೇಲೆ ಕಪ್ಪು ಇಡುವುದು ಎಲ್ಲಿ? ಎಲ್ಲರೂ ಮೇಜಿನ ಮೇಲೆಯೇ ಇಟ್ಟರು. ಪ್ರತಿ ಕಪ್ಪಿನ ಅಡಿಯಿಂದ ಒಂದೊಂದು ಸೀರೆ ಬಿಚ್ಚಿಕೊಂಡಿತು!

“ಅಯ್ಯ, ಚಹಾ ಚೆಲ್ಲಿದಂಗ ಸೀರಿ ಚೆಲ್ಲಾಕತ್ತಾವಲ್ಲ!” ಎಂದಳು ಸವಿತಾ. ಆದರೂ ಅವಳಿಗೆ ಒಂದು ಹಸಿರು ಸೀರೆ ಮನಸ್ಸಿಗೆ ಬಂತು. ಅದು ಬೆಳಗಾವಿಯ ಮಾಲು, ನಮ್ಮ ಕಪಾಟಿನಲ್ಲಿ ಇರಲಿಲ್ಲ.

ಅತ್ತೆ ಸೀರೆ ನೋಡುವುದು ಕಣ್ಣಿಂದಲ್ಲ, ಹೆಬ್ಬೆರಳು ತೋರುಬೆರಳಿನಿಂದ. ಗಾಜಿನ ಮೇಲೆಯೇ ಹಸಿರು ಸೀರೆಯನ್ನು ಚಿವುಟಿದರು. ಸೀರೆ ಸಣ್ಣದಾಯಿತು.

“ಅಳ್ಯಾರ, ಇದನ್ನ ಉಡಬೇಕೋ, ಮೂಗ ಒರಸ್ಕೋಬೇಕೋ?”

ನಾನು ಗಾಬರಿಯಾಗಿ ಬೆರಳು ಅಗಲಿಸಿದೆ. ಈಗ ಇಡೀ ಮೇಜಿನ ತುಂಬ ಬರೀ ಸೀರೆಯಂಚಿನ ದಡಿ!

“ಇಷ್ಟ ದೊಡ್ಡ ದಡಿ ಉಡಾಕ ನನ್ನ ಮಗಳೇನು ಆನಿ ಏನ್ರಿ? ಮತ್ತ ಅರಿವಿ ಕೈಗೇ ಹತ್ತವಲ್ದಲ್ಲ!”

ಕಡೆಗೆ ಸವಿತಾಳ ಮುಖ ನೋಡಿ ಅತ್ತೆ ಒಪ್ಪಿದರು. ಒಪ್ಪಿದ ಮೇಲೆ ಶಾಸ್ತ್ರ ಬಿಡಲಾದೀತೆ? ಮೊದಲ ಸೀರೆಗೆ ಅರಿಷಿಣ ಕುಂಕುಮ ಹಚ್ಚಿ ಮುತ್ತೈದೆಯರೆಲ್ಲ ಕೈ ಮುಟ್ಟಿಸಬೇಕು. ಅತ್ತೆ ಗಾಜಿಗೆ ಕುಂಕುಮ ಹಚ್ಚಿದರು. ಬಳೆ ಗಲಗಲ ಎಂದವು, ಎಲ್ಲ ಕೈಗಳೂ ಒಮ್ಮೆಲೇ ಮೇಜಿನ ಮೇಲೆ ಬಿದ್ದವು. ಮಶೀನಿಗೆ ದೆವ್ವ ಬಡಿಯಿತು! ಸೀರೆಗಳು ನಾಲ್ಕೂ ದಿಕ್ಕಿಗೆ ಓಡಾಡತೊಡಗಿದವು.

ನಾನು ಒದ್ದೆ ಅರಿವೆ ತಂದು ಕುಂಕುಮ ಒರೆಸಿದೆ. ಒರೆಸಿದಷ್ಟೂ ಸೀರೆಗಳು ಎದ್ದು ಬಂದವು, ಪ್ರತಿ ಸೀರೆಯ ಜೊತೆ ‘ಬೇಕು’ ಬಂತು, ನನ್ನ ಅರಿವೆ ಅದರ ಮೇಲೆ ಹಾದು ಹೋಯಿತು. ಶುಚಿತ್ವದ ವಿಷಯದಲ್ಲಿ ನಾನು ಮೊದಲಿನಿಂದಲೂ ಕಟ್ಟುನಿಟ್ಟು. ತಿಕ್ಕಿ ತಿಕ್ಕಿ ಒರೆಸಿದೆ. ಅಷ್ಟರಲ್ಲಿ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ಬಗ್ಗಿ ನೋಡಿದೆ. ಮೇಜಿನೊಳಗೆ ಹಸಿರು ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು, ಪೊದೆ ಮೀಸೆಯೊಂದಿಗೆ ನಾನು!

ಫೋನು ಹೊಡೆದುಕೊಂಡಿತು. ಸಾವಕಾರರು.

“ಏನೋ ಮಾರಾಯಾ, ಲಗ್ನ ಒಂದು ಹುಡುಗಿದೋ, ಇಡೀ ತಾಲೂಕಿಂದೋ? ಅರ್ಧಾ ಅಂಗಡಿ ಬೇಕಂದೀಯಲ್ಲ!”

“ಖರೀದಿ ಜೋರ್ ಐತ್ರಿ,” ಎಂದೆ. ಬೇರೆ ಏನು ಹೇಳಲಿ?

“ಟೆಂಪೋ ತುಂಬಾಕತ್ತೇನಿ. ನಾನೂ ಬರ್ತೇನಿ!”

ಇತ್ತ ಅತ್ತೆ ಎದ್ದು ನಿಂತಿದ್ದರು. “ಮುಟ್ಟಾಕ ಬರದ ಸೀರಿ ನಮಗ ಬ್ಯಾಡ. ನಡೀರಿ ವಡಗಾವಿಗೆ.”

ಮಹಾದೇವಿ ನನ್ನ ಕಡೆ ನೋಡುತ್ತ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅವಳು ಸೆರಗು ಸಿಕ್ಕಿಸಿದರೆ ನನಗೆ ಜ್ವರ ಬರುತ್ತದೆ.

“ಅತ್ತಿ, ಸೀರಿ ಹಾದ್ಯಾಗ ಐತ್ರಿ. ಇನ್ನೊಂದು ಚಹಾ ಆಗಲಿ, ಜೋಡಿ ಭಜಿನೂ ಆಗಲಿ!” ಎಂದು ಬಾಗಿಲಿಗೆ ಅಡ್ಡ ನಿಂತೆ. ಭಜಿ ಮುಗಿದವು. ಮತ್ತೊಂದು ಪ್ಲೇಟು ತರಿಸಿದೆ. ಅದೂ ಮುಗಿದು ಅತ್ತೆ ಚಪ್ಪಲಿ ಹುಡುಕುವಾಗ ಟೆಂಪೋ ಬಂತು.

ದಾರಿಯಲ್ಲಿ ಆ ಆರ್ಡರಿನ ಮೇಲೆ ಅನುಮಾನ ಬಂದ ಸಾವಕಾರರು ಕೆಂಪು ಮುಖ ಹೊತ್ತು ಇಳಿಯುವ ಮೊದಲೇ ನಾನು ಟೆಂಪೋ ಹತ್ತಿದೆ. ಗಂಟು ಬಿಚ್ಚಿ ಹಸಿರು ಸೀರೆ ಹುಡುಕಿ, ನಾವು ಸೀರೆ ಅಂಗಡಿಯವರು ಯಾವತ್ತೂ ಮಾಡುವಂತೆ ನನ್ನ ಮೈಗೇ ಉಟ್ಟು, ನೆರಿಗೆ ಹಿಡಿದು, ಸೆರಗು ಹೊದ್ದು ನಿಂತೆ. ನಡುಬಜಾರಿನಲ್ಲಿ! ಬಸ್ಸೊಂದು ನಿಧಾನವಾಯಿತು. ಕಂಡಕ್ಟರ್ ಸೀಟಿ ಹೊಡೆದ.

ಅತ್ತೆ ಬಂದು ನನ್ನ ಹೆಗಲ ಮೇಲಿನ ಸೀರೆ ಚಿವುಟಿದರು. ಸೀರೆಯ ಜೊತೆ ನನ್ನನ್ನೂ ಚಿವುಟಿದರು.

“ಹಾಂ, ಇದು ಅರಿವಿ!”

ಹೆಂಗಸರೆಲ್ಲ ಟೆಂಪೋ ಹತ್ತಿದರು. ಬಸ್ತಾ ಅಲ್ಲಿಯೇ ಮುಗಿಯಿತು. ಸಾವಕಾರರ ಮುಖ ತಿಳಿಯಾಯಿತು. ನನಗೆ ಮಶೀನಿನ ಚಾರ್ಜು ಮಾತ್ರ ಸಿಗಲಿಲ್ಲ. ಆದರೆ ಅದನ್ನು ಹಚ್ಚಿದಾಗಲೆಲ್ಲ ಮೊದಲು ಕಾಣುವುದು ಸೀರೆ ಉಟ್ಟ ನಾನೇ. ಆ ಚಿತ್ರ ತೆಗೆಸಲು ಕೇಳಿಕೊಂಡೆ.

“ಇರಲಿ ಬಿಡೋ,” ಎಂದರು ಸಾವಕಾರರು, “ಮಂದಿ ಅದನ್ನ ನೋಡಾಕ ಬರತಾರ.”

ಇರಲಿ, ಮನೆಯ ಮಾನವಾದರೂ ಉಳಿಯಿತೆಂದು ಲಗ್ನದ ದಿನ ಎದೆಯುಬ್ಬಿಸಿ ಹಂದರದ ಬಾಗಿಲಲ್ಲಿ ನಿಂತೆ. ಸವಿತಾ ಹಸಿರು ಸೀರೆಯಲ್ಲಿ ಬಂದಳು. ಅತ್ತೆ ಬೀಗರಿಗೆ ಹೆಮ್ಮೆಯಿಂದ ತೋರಿಸಿದರು.

ಬೀಗಿತ್ತಿ ಮದುಮಗಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಮದುಮಗಳನ್ನು ನೋಡಿದರು.

“ಸೀರಿ ಛಲೋ ಐತ್ರಿ,” ಎಂದರು. “ಆದ್ರೂ ಖರೇ ಹೇಳಬೇಕಂದ್ರ, ನಿಮ್ಮ ಅಳ್ಯಾರಿಗೆ ಇನ್ನೂ ಛಂದ ಒಪ್ಪಿತ್ತು!”