ಕಾಕಾನ ಕುದುರೆಯ ನಡಿಗೆ ಕೆಡಿಸಿದ್ದು

ಜಗತ್ತಿನ ಕೆಟ್ಟ ಕೆಲಸಗಳನ್ನೆಲ್ಲ ಕೆಟ್ಟವರೇ ಮಾಡುತ್ತಾರೆಂದು ನಾನು ಬಹಳ ವರ್ಷ ನಂಬಿದ್ದೆ. ಈಗ ಆ ನಂಬಿಕೆಯಿಲ್ಲ. ಅರ್ಧಕ್ಕಿಂತ ಹೆಚ್ಚಿನದನ್ನು ‘ಆಯ್ತು ಬಿಡ್ರಿ’ ಎನ್ನುವ ನನ್ನಂಥ ಮೆತ್ತನೆಯ ಜನರೇ ಮಾಡಿ ಮುಗಿಸುತ್ತೇವೆ. ಇಲ್ಲ ಎನ್ನುವುದು ನನಗೆ ಹುಟ್ಟಿನಿಂದಲೇ ಬಾರದು. ಕಚೇರಿಯಲ್ಲಿ ಯಾರದೋ ಟಪಾಲನ್ನು ನಾನು ಬರೆಯುತ್ತೇನೆ. ಮದುವೆಗಳಲ್ಲಿ ಗುರುತೇ ಇಲ್ಲದವರ ಚಪ್ಪಲಿ ಕಾಯುತ್ತೇನೆ. ಒಮ್ಮೆ ಬಸ್ಸಿನಲ್ಲಿ ಹಿರಿಯರೊಬ್ಬರು ‘ನೀವು ಬೀದರಿನ ಮಾಸ್ತರ ಅಳಿಯಾ ಅಲ್ಲೇನ್ರಿ?’ ಎಂದು ಎಷ್ಟು ಅಕ್ಕರೆಯಿಂದ ಕೇಳಿದರೆಂದರೆ, ಅವರಿಗೆ ನಿರಾಸೆಯಾಗದಿರಲೆಂದು ಹೌದೆಂದುಬಿಟ್ಟೆ. ಕಮಲಾಪುರ ಬರುವ ತನಕ ಕಂಡು ಕೇಳದ ಮಾವನ ಸಕ್ಕರೆ ಕಾಯಿಲೆಯ ವಿವರಗಳನ್ನು ಒಪ್ಪಿಸುತ್ತ ಕೂತಿದ್ದೆ. ಇದರಿಂದ ಯಾರಿಗೂ ಕೇಡಾಗಿರಲಿಲ್ಲ. ಮೈನಾಳಿಗೆ ಆಯಿತು.

ಮೈನಾ ನಮ್ಮ ಕಾಕಾನ ಕುದುರೆ. ಕಾಕಾ ನನ್ನ ತಂದೆಯ ತಮ್ಮ; ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಮಾಡಿಕೊಂಡು ಹೆಂಡತಿ ಕಾಕೂನ ಜೊತೆ ಇದ್ದಾನೆ. ಅಜ್ಜನ ಕಾಲದಲ್ಲಿ ಊರಿಗೆ ಬಂದ ಕುದುರೆ ವ್ಯಾಪಾರಿಗಳಿಂದ ಒಂದು ಮಾರವಾಡಿ ತಳಿಯ ಹೆಣ್ಣು ಕುದುರೆ ನಮ್ಮ ಮನೆ ಸೇರಿತಂತೆ. ಅದರ ಮಗಳು, ಮೊಮ್ಮಗಳು ಎಂದು ಇಳಿದು ಬಂದವಳು ಮೈನಾ. ಈ ತಳಿಯ ಕಿವಿಗಳನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಎರಡೂ ಒಳಕ್ಕೆ ಬಾಗಿ, ತುದಿಗಳು ಒಂದಕ್ಕೊಂದು ಗುಟ್ಟು ಹೇಳುವಷ್ಟು ಹತ್ತಿರ ಬಂದಿರುತ್ತವೆ. ಆದರೆ ಮನೆತನದ ಹೆಮ್ಮೆ ಕಿವಿಯಲ್ಲ, ನಡಿಗೆ. ಅದಕ್ಕೆ ರವಾಲ ಎನ್ನುತ್ತಾರೆ. ಬೇರೆ ಕುದುರೆ ಬಿರುಸಾಗಿ ನಡೆದರೆ ಕಾಲುಗಳು ಜೋಡಿ ಜೋಡಿಯಾಗಿ ಬಿದ್ದು ಸವಾರನ ಸೊಂಟದ ಕೀಲು ಸಡಿಲವಾಗುತ್ತದೆ. ರವಾಲದ ಕುದುರೆ ನಾಲ್ಕು ಕಾಲನ್ನೂ ಒಂದರ ಹಿಂದೊಂದು ಇಡುತ್ತದೆ. ಯಾವುದಾದರೂ ಒಂದು ಕಾಲು ನೆಲದ ಮೇಲೆ ಇದ್ದೇ ಇರುತ್ತದೆ. ವೇಗವೇನೂ ಕಡಿಮೆಯಾಗದು, ಬೆನ್ನು ಮಾತ್ರ ಅಲುಗದು. ನಾನು ಚಿಕ್ಕವನಿದ್ದಾಗ ಮೈನಾಳ ಅಜ್ಜಿಯ ಮೇಲೆ ಕಾಕಾನ ಮುಂದೆ ಕೂತು ನಿದ್ದೆ ಹೋಗಿದ್ದೇನೆ. ಅದು ಕಲಿಸಿ ಬರುವಂಥದ್ದಲ್ಲ, ರಕ್ತದಲ್ಲೇ ಬರಬೇಕು. ಹುಟ್ಟಿದ ಮರಿ ತಾಯಿಯ ಹಿಂದೆ ಅದೇ ನಡಿಗೆಯಲ್ಲಿ ಹೊರಡುತ್ತದೆ. ಕೆಡಿಸುವುದಕ್ಕೆ ಮಾತ್ರ ಯಾವ ವಂಶವೂ ಬೇಕಿಲ್ಲ, ನನ್ನಂಥವನೊಬ್ಬ ಸಾಕು.

ನಲವತ್ತು ವರ್ಷ ಕುದುರೆ ಬೀಳಿಸದ ಕಾಕಾನನ್ನು ಬಚ್ಚಲುಮನೆ ಬೀಳಿಸಿತು. ತೊಡೆಯ ಎಲುಬು ಮುರಿಯಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಮಲಗಿದಲ್ಲಿಂದಲೇ ನನ್ನ ಕೈ ಹಿಡಿದುಕೊಂಡ. “ಮೈನಾನ್ನ ನೀ ನೋಡ್ಕೋತಿ ಏನು? ಬ್ಯಾರೆಯವ್ರ ಕೈಯಾಗ ಕೊಡಬ್ಯಾಡ. ನೀ ಏನ್ ಸವಾರಿ ಮಾಡೋದು ಬ್ಯಾಡ. ದಿನಾ ಹಗ್ಗ ಹಿಡ್ದು ಮೆತ್ತನ್ನ ನೆಲದಾಗ ಅಡ್ಡಾಡಿಸಿದ್ರ ಸಾಕು.” ಕುದುರೆಯ ಯಾವ ತುದಿಗೆ ಹುಲ್ಲು ಹಾಕಬೇಕೆಂಬುದನ್ನು ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ. “ಆಯ್ತು ಬಿಡು ಕಾಕಾ” ಎಂದೆ.

ನಮ್ಮ ಮನೆ ಇರುವುದು ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ. ಪಕ್ಕದ ಖಾಲಿ ನಿವೇಶನದಲ್ಲಿ ಮೈನಾಳನ್ನು ಕಟ್ಟಿದೆ. ಹೆಂಡತಿ ಬಾಗಿಲಲ್ಲಿ ನಿಂತು, “ಸ್ಕೂಟರ್ ನಿಲ್ಲಸ್ಲಾಕ ಜಾಗಾ ಇಲ್ಲ, ಕುದರಿ ತಂದೀರಿ” ಎಂದಳು. ಮೊದಲ ವಾರ ಓಣಿಯವರೆಲ್ಲ ಮೈನಾಳ ಜೊತೆ ಫೋಟೊ ತೆಗೆಸಿಕೊಂಡರು. ಎರಡನೆಯ ವಾರ ನೊಣಗಳ ಬಗ್ಗೆ ಮಾತಾಡಿದರು. ಮೂರನೆಯ ವಾರ ನಿವೇಶನದ ಮಾಲೀಕರು ಪಾಯ ತೋಡುವವರನ್ನು ಕರಕೊಂಡೇ ಬಂದರು. “ಎಂಟ ದಿನದಾಗ ಇದಕ್ಕೊಂದು ದಾರಿ ಮಾಡ್ರಿ” ಎಂದಳು ಹೆಂಡತಿ. ಅವಳಿಗೂ ಆಯ್ತು ಬಿಡು ಎಂದೆ. ಕಾಕಾನಿಗೆ ಕೊಟ್ಟ ಮಾತು, ಹೆಂಡತಿಗೆ ಕೊಟ್ಟ ಮಾತು ಎರಡನ್ನೂ ಒಂದೇ ಗೂಟಕ್ಕೆ ಕಟ್ಟಲಾಗದೆಂಬುದು ಹೊಳೆಯಲು ನನಗೆ ಎಂಟೂ ದಿನ ಹಿಡಿಯಿತು.

ಬಾಬುಮಿಯಾ ಸಿಕ್ಕಿದ್ದು ಆಗ. ನೆಹರು ಗಂಜ್ ಮಾರುಕಟ್ಟೆಯ ಹಿಂದೆ ಮದುವೆ ಮೆರವಣಿಗೆಯ ಕುದುರೆಗಳನ್ನು ಸಾಕಿದವರು. ತಮ್ಮ ಕುದುರೆಯೊಂದಕ್ಕೆ ಕಾಲು ನೋವೆಂದು ಬದಲಿ ಹುಡುಕುತ್ತಿದ್ದರು. ಬಂದು ಮೈನಾಳ ಕಿವಿ ಸವರಿದರು, ಹತ್ತು ಹೆಜ್ಜೆ ನಡೆಸಿದರು, ನಿಂತರು. “ಸಾಬ್, ಇದು ರವಾಲ್ ಜಾನವರ್ ಅದರೀ. ನಮ್ಮಲ್ಲಿ ಡಾಂಬರ್ ಮ್ಯಾಲ ನಿಂತು ಬಾಜಾಕ್ಕ ಕುಣೀಬೇಕಾಗ್ತದ. ಕುಣಿತ ಬಂತಂದ್ರ ಚಾಲ್, ಅಂದ್ರ ಈ ನಡಗಿ, ಹೋಗ್ತದ. ಮಾಲಕರಿಗೆ ಒಂದ್ ಮಾತ ಕೇಳ್ರಿ.”

“ಕೇಳೀನ್ರಿ. ಅಡ್ಡಿಯಿಲ್ಲ ಅಂದಾರ” ಎಂದೆ.

ಅವರು ಮೈನಾಳನ್ನು ಕರೆದೊಯ್ದು ನನಗಿಂತ ಚೆನ್ನಾಗಿ ನೋಡಿಕೊಂಡರು. ಹೊತ್ತಿಗೆ ಸರಿಯಾಗಿ ದಾಣಿ ಕೊಟ್ಟರು, ಮೈ ಉಜ್ಜಿದರು. ತಮ್ಮ ಕಸುಬಿಗೆ ಬೇಕಾದದ್ದನ್ನು ಕಲಿಸಿದರು, ಅಷ್ಟೆ. ಇತ್ತ ಕಾಕಾ ದಿನವೂ ಸಂಜೆ ಫೋನು ಮಾಡುತ್ತಿದ್ದ. ನಾನು ಕಚೇರಿಯಿಂದ ಬಂದು ಚಹಾ ಕುಡಿಯುತ್ತ ವರದಿ ಕೊಡುತ್ತಿದ್ದೆ: “ಇವತ್ತ ತಾಜಸುಲ್ತಾನಪುರದ ಕಡೀಗಿ ಹೋಗಿದ್ವಿ ಕಾಕಾ. ಹೊಲದ ಮಣ್ಣು ಮೆತ್ತಗ ಇತ್ತು. ನೀರಾಗ ತೇಲಿದಂಗ ನಡದಳು.” ಆ ಕಡೆಯಿಂದ ಕಾಕಾ ಉಸಿರು ಬಿಡುವುದು ಕೇಳುತ್ತಿತ್ತು. ನನ್ನ ಸುಳ್ಳುಗಳು ಅವನ ಎಲುಬು ಕೂಡಿಸುತ್ತಿವೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಸಂಜೆ ಮೆರವಣಿಗೆಯೊಂದು ಎದುರಾಯಿತು. ಪ್ಲಾಸ್ಟಿಕ್ ಹೂವಿನ ಮುಸುಕಿನಲ್ಲಿ ಮೈನಾ. ಮೇಲೆ ಕಂಗಾಲಾದ ಮದುಮಗ. ತಾಳಕ್ಕೆ ಒಂದೊಂದೇ ಕಾಲೆತ್ತಿ ಡಾಂಬರಿನ ಮೇಲೆ ಕುಕ್ಕುತ್ತಿದ್ದಳು. ಜನ ಸಿಳ್ಳೆ ಹಾಕುತ್ತಿದ್ದರು. ಬಾಗಿದ ಆ ಕಿವಿಗಳು ನನ್ನ ಕಡೆ ತಿರುಗಿದಂತಾಗಿ ಸ್ಕೂಟರನ್ನು ಬೇರೆ ಓಣಿಗೆ ಹೊರಳಿಸಿದೆ.

ಐದು ತಿಂಗಳಿಗೆ ಕಾಕಾ ಕೋಲೂರಿ ನಡೆಯತೊಡಗಿದ. ಕರಕೊಂಡು ಬಾ ಎಂದ. ಬಾಬುಮಿಯಾರ ಹತ್ತಿರ ಏನೋ ನೆಪ ಹೇಳಿ ಬಿಡಿಸಿಕೊಂಡು, ಟೆಂಪೋದಲ್ಲಿ ತಂದು, ಕಮಲಾಪುರದ ಬಸ್ ನಿಲ್ದಾಣದ ಬಳಿ ಇಳಿಸಿ, ದಾರಿಯುದ್ದಕ್ಕೂ ನಾನೇ ನಡೆಸಿಕೊಂಡು ಬಂದವನಂತೆ ಹಗ್ಗ ಹಿಡಿದು ಓಣಿ ಹೊಕ್ಕೆ. ಓಣಿಗೆ ಫರಸಿ ಕಲ್ಲು ಹಾಸಿದೆ. ಟಕ್ ಟಕ್, ಟಕ್ ಟಕ್ ಎಂದು ಗೊರಸಿನ ಸದ್ದು ಜೋಡಿ ಜೋಡಿಯಾಗಿ ಎದ್ದಿತು. ಒಳಗಿನಿಂದ ಕಾಕಾನ ದನಿ ಕೇಳಿಸಿತು: “ಯಾರ್ದೋ ಕುದರಿ ಬಂದದ ನೋಡು. ನಮ್ಮ ಮೈನಾ ಬರೋ ಹೊತ್ತಿನ್ಯಾಗ ಇದೆಲ್ಲಿಂದ ಬಂತು ಅಡ್ಡ?”

ಕಾಕೂ ಹೊರಗೆ ಬಂದು ನೋಡಿದಳು. ಒಳಗೆ ತಿರುಗಿ ಮೆಲ್ಲಗೆ, “ನಮ್ದೇ ಅದರೀ” ಎಂದಳು.

ಕಾಕಾ ಬಂದ. ಎರಡು ಸಲ ಅತ್ತಿಂದಿತ್ತ ನಡೆಸೆಂದ. ನನ್ನ ಮುಖವನ್ನಾಗಲಿ ಕುದುರೆಯ ಮುಖವನ್ನಾಗಲಿ ನೋಡಲಿಲ್ಲ, ಗೊರಸುಗಳನ್ನಷ್ಟೇ ನೋಡಿದ. ಆಮೇಲೆ ಕೇಳಿದ: “ಎಷ್ಟ ಮದವಿ ಮಾಡಿಸ್ದಿ?”

ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಊಟ ಮಾಡಿ ಹಗುರಾಗಿ ಬಸ್ಸು ಹತ್ತಬಹುದಿತ್ತು. ಕಾಕಾ ಮೈನಾಳ ಕುತ್ತಿಗೆ ತಟ್ಟುತ್ತ, “ನೀ ಆಗಂಗಿಲ್ಲ ಅಂದಿದ್ರ ಬ್ಯಾರೆ ಯಾರಿಗರೇ ಹೇಳ್ತಿದ್ದೆ. ಅಷ್ಟೇ ಇತ್ತು” ಎಂದ.

ಸುದ್ದಿ ತಿಳಿದು ಬಾಬುಮಿಯಾ ತಾವಾಗಿಯೇ ಕಮಲಾಪುರಕ್ಕೆ ಬಂದರು. “ಕೇಳೀನಿ ಅಂದಿದ್ರಲ್ಲ ಸಾಬ್?” ಎಂದು ನನ್ನನ್ನು ಒಂದೇ ಸಲ ಕೇಳಿ, ಆಮೇಲೆ ಕಾಕಾನ ಜೊತೆಗೇ ಮಾತಾಡಿದರು. ಇಬ್ಬರೂ ಕುಕ್ಕರುಗಾಲಿನಲ್ಲಿ ಕೂರಲಾಗದ ವಯಸ್ಸಿನಲ್ಲಿ ಬಗ್ಗಿ ಗೊರಸು ನೋಡಿದರು. ಲಾಳ ತೆಗೆಯಬೇಕು, ಮೆತ್ತನೆಯ ನೆಲ ಬೇಕು, ಅವಸರ ಕೂಡದು, ಆದರೂ ಬರುತ್ತದೆಂದು ಹೇಳಲಾಗದು ಎಂದು ತೀರ್ಮಾನವಾಯಿತು. ಕಾಕಾ ಈಗ ಅವಳ ಮೇಲೆ ಹತ್ತುವುದಿಲ್ಲ. ಬೆಳಿಗ್ಗೆ ಕೋಲೂರುತ್ತ ಪಕ್ಕದಲ್ಲಿ ನಡೆಯುತ್ತಾನೆ. ಊರಲ್ಲಿ ಮದುವೆಯ ಬ್ಯಾಂಡು ಕೇಳಿಸಿದರೆ ಮೈನಾ ಕಟ್ಟಿದ ಜಾಗದಲ್ಲೇ ಕಾಲೆತ್ತತೊಡಗುತ್ತಾಳೆ. ಕಾಕಾ ಎದ್ದು ಒಳಗೆ ಹೋಗುತ್ತಾನೆ.

ನಾನು ಭಾನುವಾರಗಳಂದು ಹೋಗುತ್ತೇನೆ, ಲದ್ದಿ ಬಳಿದು ಹಾಕುತ್ತೇನೆ. ಕಳೆದ ಭಾನುವಾರ ಕಾಕಾನಿಗೆ ಕಾಲು ನೋವು. ಹಗ್ಗ ನನ್ನ ಕೈಗೆ ಬಂತು. ನೀರು ಬಿಟ್ಟು ಮೆತ್ತಗಾದ ತೋಟದ ಬದುವಿನ ಮೇಲೆ ಹೋಗುತ್ತಿದ್ದಾಗ ಮೈನಾ ಇದ್ದಕ್ಕಿದ್ದಂತೆ ಮುಂದಾದಳು. ನಾಲ್ಕು ಕಾಲೂ ಬೇರೆ ಬೇರೆ ಬಿದ್ದವು. ಬೆನ್ನು ಹಲಗೆಯಂತೆ ನಿಶ್ಚಲ. ಹತ್ತೋ ಹದಿನೈದೋ ಹೆಜ್ಜೆ. ಪಕ್ಕದಲ್ಲಿ ಓಡುತ್ತಿದ್ದ ನನ್ನ ಕಣ್ಣಲ್ಲಿ ನೀರು ಬಂತು. ಏದುಸಿರು ಬಿಡುತ್ತ ಮನೆಗೆ ಬಂದು, “ಕಾಕಾ, ರವಾಲ ನಡದಳು! ಖರೇನ ನಡದಳು!” ಎಂದೆ.

ಕಾಕಾ ಕೋಲಿಗೆ ಕೈ ಹಾಕಿದ. “ಹೌದೇನು? ಫೋನಿನ್ಯಾಗೂ ನೀ ಹಿಂಗೇ ಛಂದ ಹೇಳ್ತಿದ್ದಿ” ಎಂದ.

ಆದರೂ ಬಾಗಿಲಿಗೆ ಬಂದು ನಿಂತ. ಅಂಗಳದಲ್ಲಿ ಮೂರು ಸುತ್ತು ಹಾಕಿಸಿದೆ, ಬೇಡಿಕೊಂಡೆ. ಮೈನಾ ಬಾಡಿಗೆಗೆ ಬಂದವಳ ಹಾಗೆ ಟಕ್ ಟಕ್ ಎಂದು ನಡೆದಳು. “ಸಾಕು ಬಿಡಪಾ, ಬಿಸಲಾಗ ದಣೀತಿ” ಎಂದಳು ಕಾಕೂ. ಕಾಕಾ ಒಳಗೆ ಹೋದ. ನಾನು ಜನ್ಮದಲ್ಲಿ ಮೊದಲ ಬಾರಿಗೆ ಓಡಿ ಬಂದು ಹೇಳಿದ ನಿಜಕ್ಕೆ ಇದ್ದದ್ದು ಒಂದೇ ಸಾಕ್ಷಿ. ಅದು ತಲೆ ತಗ್ಗಿಸಿ ಹುಲ್ಲು ಮೇಯುತ್ತಿತ್ತು.