ಅಣ್ಣಪ್ಪನವರ ಎಡಗಿವಿ

ಎಂವಿಪಿ ಕಾಲೋನಿಯ ಪಾರ್ಕಿನಲ್ಲಿ 2005ರ ಆ ಭಾನುವಾರ ಉಚಿತ ಕಿವಿ ತಪಾಸಣೆ ಇಟ್ಟದ್ದೇ ಅಣ್ಣಪ್ಪನವರ ಸಂಸಾರಕ್ಕೆ ಮುಳುವಾಯಿತು. ಪಕ್ಕದ ಫ್ಲ್ಯಾಟಿನ ತೆಲುಗಿನ ರಾಮಮೋಹನ್ "ಫ್ರೀ ಕದಾ ಸಾರ್, ಫ್ರೀ ಅಲ್ವಾ, ಬನ್ನಿ" ಎಂದು ಅವರನ್ನೂ ಹೆಂಡತಿ ಕಮಲಾಕ್ಷಿಯನ್ನೂ ಕುರಿ ಹೊಡೆದಂತೆ ಹೊಡೆದುಕೊಂಡು ಹೋದ.

ಅಣ್ಣಪ್ಪನವರ ಎಡಗಿವಿ ಏಳನೇ ವಯಸ್ಸಿನಲ್ಲಿ ಮಂಗನಬಾವು ಬಂದಾಗಲೇ ಬಾಗಿಲು ಹಾಕಿತ್ತು. ಹೆಣ್ಣು ಕೊಡುವುದಿಲ್ಲವೆಂಬ ಭಯಕ್ಕೆ ಮಾವನ ಮನೆಯಲ್ಲಿ ಹೇಳಲಿಲ್ಲ. ಕೆಲಸ ಹೋದೀತೆಂಬ ಭಯಕ್ಕೆ ಕಾರ್ಖಾನೆಯಲ್ಲೂ ಹೇಳಲಿಲ್ಲ. ಎಡಗಡೆಯಿಂದ ಯಾರು ಏನೆಂದರೂ ಗಂಭೀರವಾಗಿ "ಹೂಂ" ಅನ್ನುತ್ತಲೇ ಅರವತ್ತು ಮುಟ್ಟಿದ್ದರು. ಆ "ಹೂಂ"ನಿಂದಾಗಿ ತೂಕದ ಮನುಷ್ಯ ಎಂಬ ಹೆಸರೂ ಬಂದಿತ್ತು.

ಡಾಕ್ಟರು ಯಂತ್ರ ಹಚ್ಚಿ ನೋಡಿ, ಎಡಗಿವಿ ಪೂರ್ತಿ ಕಿವುಡು, ಬಹುಶಃ ಚಿಕ್ಕಂದಿನಿಂದಲೂ ಎಂದರು. ಸಾಲಿನಲ್ಲಿ ನಿಂತವರಿಗೆಲ್ಲ ರಾಮಮೋಹನ್ ಅದನ್ನು ಪ್ರಸಾದದಂತೆ ಹಂಚಿದ.

ಹೇಗೂ ರಿಟೈರಾಗಿದೆ, ಈ ವಯಸ್ಸಿನಲ್ಲಿ ಹೆಂಡತಿ ಬಿಟ್ಟು ಹೋಗುತ್ತಾಳೆಯೇ ಎಂದುಕೊಂಡು ಅಣ್ಣಪ್ಪನವರು ಮನೆಗೆ ಬಂದು ಎಲ್ಲ ಒಪ್ಪಿಕೊಂಡರು. ಎದೆ ಹಗುರಾಯಿತು. ಕಮಲಾಕ್ಷಿಯ ಮುಖ ಮಾತ್ರ ಸುಣ್ಣದ ಗೋಡೆಯಾಯಿತು.

"ಮದುವೆಯಾದ ವರ್ಷ ವಿಜಯವಾಡಕ್ಕೆ ಹೋಗಿದ್ವಲ್ಲ. ಇಂದ್ರಕೀಲಾದ್ರಿ ಬೆಟ್ಟದ ಗುಡಿ ಮೆಟ್ಟಿಲ ಮೇಲೆ ನಾನು ನಿಮ್ಮ ಯಾವ ಕಡೆ ಕೂತಿದ್ದೆ?"

"ಎಡಗಡೆ. ಹೆಂಡತಿ ಇನ್ಯಾವ ಕಡೆ ಕೂರ್ತಾಳೆ?"

"ಮದುವೆಗೆ ಮುಂಚಿನ ನನ್ನ ವಿಷಯ ಎಲ್ಲಾ ಅವತ್ತು ಹೇಳಿಕೊಂಡು ಅತ್ತಿದ್ದೆ. ನೀವು 'ಹೂಂ' ಅಂದ್ರಿ. ತಲೆ ಸವರಿದ್ರಿ."

ಅಣ್ಣಪ್ಪನವರಿಗೆ ನೆನಪಾಯಿತು. ಮೆಟ್ಟಿಲು ಹತ್ತಿ ಕಾಲು ನೋಯುತ್ತಿದೆಯೆಂದು ಅಳುತ್ತಿದ್ದಾಳೆ ಅಂದುಕೊಂಡಿದ್ದರು.

"ಅಷ್ಟನ್ನೂ ಕೇಳಿ ಕ್ಷಮಿಸಿದ ದೇವರು ಅಂತ ಮೂವತ್ತು ವರ್ಷದಿಂದ ನಿಮಗೆ ಒಂದು ಎದುರು ಮಾತು ಆಡಿಲ್ಲ" ಎಂದಳು ಕಮಲಾಕ್ಷಿ. ಕಣ್ಣಲ್ಲಿ ನೀರಿರಲಿಲ್ಲ.

"ಏನು... ಏನು ವಿಷಯ ಅದು?"

"ಹೇಳಿಯಾಯ್ತಲ್ಲ."

"ನನಗೆ ಕೇಳಿಸಲಿಲ್ಲವಲ್ಲ ಮಾರಾಯ್ತಿ. ಈಗ ಹೇಳು. ಏನಿದ್ರೂ ಕ್ಷಮಿಸ್ತೀನಿ."

"ಏನೂಂತ ತಿಳೀದೆ ಕ್ಷಮಿಸಿದ್ದು ಒಂದು ಸಲ ಸಾಕು" ಎಂದು ಅವಳು ಒಳಗೆ ಹೋದಳು.

ಅಣ್ಣಪ್ಪನವರು ಸೋಫಾದಲ್ಲಿ ಗಾಳಿ ಹೋದ ಟಯರಿನಂತೆ ಕುಸಿದರು. ಯಾರಿರಬಹುದು, ಏನಿರಬಹುದು ಎಂದು ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡಿಯಿತು. ಇದ್ದೊಂದು ಗುಟ್ಟನ್ನು ಬಿಟ್ಟುಕೊಟ್ಟು ಅದಕ್ಕಿಂತ ದೊಡ್ಡದೊಂದನ್ನು ಮನೆಗೆ ತಂದಂತಾಗಿತ್ತು.

ಮಧ್ಯಾಹ್ನ ಊಟಕ್ಕೆ ಕುರ್ಚಿ ತಿರುಗಿಸಿ, ಬಲಗಿವಿ ಅವಳತ್ತ ಬರುವಂತೆ ಕೂತರು. ಅನ್ನ, ಪಲ್ಯ ಬಡಿಸಿ ಮುಗಿಸಿ ಕಮಲಾಕ್ಷಿ ಬಾಯಿ ತೆರೆದಳು. ಅಣ್ಣಪ್ಪನವರು ಬಲಗಿವಿಯನ್ನು ಇನ್ನಷ್ಟು ಮುಂದಕ್ಕೆ ಚಾಚಿದರು.

"ಸಾರು ಹಾಕ್ಲಾ?" ಎಂದಳು.